ಹಳೆಯ ಲೀಗ್ ಕ್ಲಬ್ಬಿನ ಚರಿತ್ರೆ ಬರೆಯುವ ಬಗೆ: ಕಾಸರಗೋಡಿನ ಫುಟ್‌ಬಾಲ್ ಕ್ಲಬ್ಬುಗಳಿಗಾಗಿ

ಕಾಸರಗೋಡು ಜಿಲ್ಲೆಯ ಫುಟ್‌ಬಾಲ್ ಕ್ಲಬ್ಬೊಂದು ಐವತ್ತೋ ಎಪ್ಪತ್ತೈದೋ ವರ್ಷ ಪೂರೈಸಿದಾಗ ಸ್ಮರಣ ಸಂಚಿಕೆ ತರುವುದು ವಾಡಿಕೆ. ಅದರಲ್ಲಿ ಶಾಸಕರ ಸಂದೇಶ, ಅಂಗಡಿಗಳ ಜಾಹೀರಾತು, ಹಳೆಯ ತಂಡದ ಒಂದೆರಡು ಮಸುಕಾದ ಚಿತ್ರ ಮತ್ತು ಕ್ಲಬ್ಬು ನಡೆದು ಬಂದ ದಾರಿಯ ಬಗ್ಗೆ ಎರಡು ಪುಟಗಳ ಬರಹ ಇರುತ್ತವೆ. ಆ ಎರಡು ಪುಟಗಳಲ್ಲಿ ಸ್ಥಾಪನೆಯ ವರ್ಷ, ಬರಿಗಾಲಲ್ಲಿ ಬಿಳಿಯರನ್ನು ಸೋಲಿಸಿದ ಕತೆ, ಗೆದ್ದ ಕಪ್‌ಗಳ ಪಟ್ಟಿ ಎಲ್ಲವೂ ಸಿಗುತ್ತವೆ. ಕ್ಲಬ್ಬು ಯಾವ ಲೀಗಿನಲ್ಲಿ, ಯಾವ ಮೈದಾನದಲ್ಲಿ, ಯಾರ ಎದುರು, ಯಾರ ದುಡ್ಡಿನಿಂದ ಆಡಿತು ಎಂಬುದು ಮಾತ್ರ ಸಿಗುವುದಿಲ್ಲ. ಅಂಥ ಬರಹದ ಹೊಣೆ ಹೊತ್ತ ಕಾರ್ಯದರ್ಶಿಗೋ ಹಳೆಯ ಆಟಗಾರನಿಗೋ ಈ ಮಾರ್ಗದರ್ಶಿ ಉಪಯೋಗವಾದೀತು. ಸ್ಥಾಪನೆಯ ಕತೆಯಿಂದ ಹೊರಡದೆ ಒಂದೊಂದು ಋತುವಿನ ಲೀಗ್ ಪಂದ್ಯಗಳಿಂದ ಹೊರಡಬೇಕು, ಮತ್ತು ಗಡಿನಾಡಿನ ಕ್ಲಬ್ಬಿನ ದಾಖಲೆಗಳನ್ನು ಆ ಕ್ಲಬ್ಬಿನ ಕಪಾಟಿಗಿಂತ ಹೆಚ್ಚಾಗಿ ಎದುರಾಳಿಗಳ ಮನೆಗಳಲ್ಲಿ, ಈಗ ನಮ್ಮನ್ನು ಆಳದ ಊರುಗಳ ಕಚೇರಿಗಳಲ್ಲಿ ಹುಡುಕಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಆದ್ದರಿಂದ ಮೊದಲ ಕೆಲಸವೆಂದರೆ ನಿಮ್ಮ ಊರು ಯಾವ ಕಾಲದಲ್ಲಿ ಯಾವ ಆಡಳಿತಕ್ಕೆ ಸೇರಿತ್ತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಮೇಜಿನ ಎದುರು ಅಂಟಿಸಿಕೊಳ್ಳುವುದು. 1956ರ ಅಕ್ಟೋಬರ್ 31ರವರೆಗೆ ಕಾಸರಗೋಡು ತಾಲೂಕು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು ಮತ್ತು ಅದರ ಜಿಲ್ಲಾ ಕೇಂದ್ರ ಮಂಗಳೂರಾಗಿತ್ತು. ಮರುದಿನದಿಂದ ಅದು ಕೇರಳಕ್ಕೆ ಸೇರಿತು. 1957ರ ಜನವರಿ 1ರಂದು ಮಲಬಾರ್ ಜಿಲ್ಲೆಯನ್ನು ಮೂರಾಗಿ ಒಡೆದಾಗ ಕಣ್ಣೂರು ಜಿಲ್ಲೆಯ ಭಾಗವಾಯಿತು. 1984ರ ಮೇ 24ರಂದು ಸ್ವಂತ ಜಿಲ್ಲೆಯಾಯಿತು. ಹೀಗಾಗಿ 1950ರ ಪಂದ್ಯದ ಸುದ್ದಿಯನ್ನು ಮಂಗಳೂರಿನ ಪತ್ರಿಕೆಗಳಲ್ಲಿಯೂ, 1965ರ ಕಾಗದಪತ್ರವನ್ನು ಕಣ್ಣೂರಿನಲ್ಲಿಯೂ, 1990ರದ್ದನ್ನು ಕಾಸರಗೋಡಿನಲ್ಲಿಯೂ ಹುಡುಕಬೇಕು. ಸರಕಾರಿ ಕಡತಗಳ ವಿಷಯದಲ್ಲಿ ಮದರಾಸಿನ ಕಾಲದ್ದಕ್ಕೆ ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರ, ಮಲಬಾರಿನ ಕಡತಗಳಿಗೆ ಕೋಝಿಕ್ಕೋಡಿನ ಪ್ರಾದೇಶಿಕ ಪತ್ರಾಗಾರ ನೆನಪಿರಲಿ.

ಬೇರೆ ಗಡಿಗಳಲ್ಲಿರುವ ಕನ್ನಡಿಗರಿಗೂ ಇಂಥದೊಂದು ಹಾಳೆ ಬೇಕು. ಆದವಾನಿ, ಆಲೂರು, ರಾಯದುರ್ಗಗಳು 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರುವವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಹೊಸೂರು ಮೊದಲು ಸೇಲಂ, 1965ರಿಂದ ಧರ್ಮಪುರಿ, 2004ರಿಂದ ಕೃಷ್ಣಗಿರಿ ಜಿಲ್ಲೆಗೆ ಸೇರಿದೆ. ಕೊಲ್ಲಾಪುರ ಸಂಸ್ಥಾನವು 1949ರಲ್ಲಿ ಮುಂಬಯಿ ಪ್ರಾಂತಕ್ಕೆ ವಿಲೀನವಾಯಿತು. ಅಲ್ಲಿನ ಫುಟ್‌ಬಾಲಿಗೆ ಆಸರೆಯಾದ ಕೊಲ್ಲಾಪುರ ಸ್ಪೋರ್ಟ್ಸ್ ಅಸೋಸಿಯೇಷನ್ 1940ರಷ್ಟು ಹಿಂದೆಯೇ, ಅಂದರೆ ಸಂಸ್ಥಾನದ ಕಾಲದಲ್ಲಿಯೇ ಹುಟ್ಟಿತ್ತು. ಕೊಲ್ಲಾಪುರದ ತಂಡಗಳಲ್ಲಿ ಅನೇಕವು ಪೇಟೆಪೇಟೆಯ ತಾಲೀಮುಗಳಿಂದ, ಅಂದರೆ ಗರಡಿಮನೆಗಳಿಂದ ಹುಟ್ಟಿ ಇಂದಿಗೂ ಅವುಗಳ ಹೆಸರನ್ನೇ ಹೊತ್ತಿವೆ. ಹಾಗಾಗಿ ಅಲ್ಲಿ ಚೆಂಡಿನ ಲೆಕ್ಕವು ಕುಸ್ತಿಯ ಲೆಕ್ಕದ ಪುಸ್ತಕದೊಳಗೆ ಸೇರಿಕೊಂಡಿರಬಹುದು. ಗಡಹಿಂಗ್ಲಜದಂಥ ಫುಟ್‌ಬಾಲ್ ಹುಚ್ಚಿನ ಊರಿನ ಕ್ಲಬ್ಬಿನ ಬಗ್ಗೆ ಬರೆಯುವವರು ಮರಾಠಿ ಮೋಡಿ ಲಿಪಿ ಓದಬಲ್ಲ ಹಿರಿಯರೊಬ್ಬರನ್ನು ಜೊತೆಗಿಟ್ಟುಕೊಳ್ಳುವುದು ಕ್ಷೇಮ.

ಸ್ಥಾಪನೆಯ ವರ್ಷವನ್ನು ನಂಬುವ ಮೊದಲು

ಕ್ಲಬ್ಬಿನ ಫಲಕದಲ್ಲಿ ಬರೆದಿರುವ ಸ್ಥಾಪನಾ ವರ್ಷವು ಇಡೀ ಚರಿತ್ರೆಯಲ್ಲಿ ಅತ್ಯಂತ ದುರ್ಬಲವಾದ ಸಂಗತಿ. ಹುಡುಗರು ಗದ್ದೆಯಲ್ಲಿ ಆಡಲು ತೊಡಗಿದ್ದು ಒಂದು ವರ್ಷ, ತಂಡಕ್ಕೆ ಹೆಸರಿಟ್ಟದ್ದು ಇನ್ನೊಂದು ವರ್ಷ, ಲೀಗಿಗೆ ಪ್ರವೇಶ ಶುಲ್ಕ ಕಟ್ಟಿದ್ದು ಮತ್ತೊಂದು, ಸಂಘವೆಂದು ನೋಂದಾಯಿಸಿಕೊಂಡದ್ದು ಮಗದೊಂದು ವರ್ಷವಾಗಿರುವುದು ಸಾಮಾನ್ಯ. ಈ ನಾಲ್ಕನ್ನೂ ಪ್ರತ್ಯೇಕವಾಗಿ ಬರೆದು, ಒಂದೊಂದಕ್ಕೂ ಇರುವ ಆಧಾರವನ್ನು ಪಕ್ಕದಲ್ಲಿ ನಮೂದಿಸಿದರೆ ಅರ್ಧ ಜಗಳ ಮುಗಿಯುತ್ತದೆ. ತ್ರಿಶ್ಶೂರಿನಲ್ಲಿ ಪೊಲೀಸ್ ಅಧಿಕಾರಿಯೊಬ್ಬರ ಹೆಸರಿನಲ್ಲಿ 1899ರಲ್ಲಿಯೇ ಆರ್. ಬಿ. ಫರ್ಗುಸನ್ ಕ್ಲಬ್ಬು ಹುಟ್ಟಿತ್ತು ಎಂಬ ಕಾರಣಕ್ಕೆ ನಮ್ಮೂರಿನ ಕ್ಲಬ್ಬನ್ನೂ ಆ ಕಾಲಕ್ಕೆ ಎಳೆಯುವ ಆಸೆ ಕೆಲವರಿಗೆ ಇರುತ್ತದೆ. ಆ ಆಸೆಯನ್ನು ಆಧಾರವೊಂದೇ ತಡೆದು ನಿಲ್ಲಿಸಬಲ್ಲದು.

ನೋಂದಣಿಯ ಕಡತವು ಇಲ್ಲಿ ದೊಡ್ಡ ನಿಧಿ. ಮಲಬಾರ್ ಭಾಗದಲ್ಲಿ, ಆದ್ದರಿಂದ ಕಾಸರಗೋಡಿನಲ್ಲಿಯೂ, ಸಂಘಗಳು ನೋಂದಣಿಯಾಗುವುದು 1860ರ ಸಂಘಗಳ ನೋಂದಣಿ ಕಾಯಿದೆಯ ಕೆಳಗೆ. ಆ ಕಾಯಿದೆಯ ಪ್ರಕಾರ ಏಳು ಅಥವಾ ಹೆಚ್ಚು ಮಂದಿ ಸೇರಿ ಮೆಮೊರಾಂಡಮಿಗೆ, ಅಂದರೆ ಸಂಘದ ಉದ್ದೇಶ ತಿಳಿಸುವ ಪತ್ರಕ್ಕೆ, ಸಹಿ ಹಾಕಬೇಕು. ಆಡಳಿತ ಮಂಡಳಿಯವರ ಹೆಸರು ಮತ್ತು ವಿಳಾಸಗಳ ಜೊತೆಗೆ ಅವರ ಉದ್ಯೋಗವನ್ನೂ ಅದರಲ್ಲಿ ತೋರಿಸಬೇಕು. ಈ ಉದ್ಯೋಗದ ಅಂಕಣವನ್ನು ದಯವಿಟ್ಟು ಹಾರಿಸಿಬಿಡಬೇಡಿ. ಕ್ಲಬ್ಬನ್ನು ಕಟ್ಟಿದವರು ಶಾಲಾ ಮಾಸ್ತರರೋ, ಬೀಡಿ ಕಾರ್ಮಿಕರೋ, ರೈಲ್ವೆ ನೌಕರರೋ, ಬಟ್ಟೆಯಂಗಡಿಯ ಮಾಲಕರೋ ಎಂಬುದನ್ನು ಈ ಒಂದು ಅಂಕಣ ಹೇಳುವಷ್ಟು ಸ್ಪಷ್ಟವಾಗಿ ಯಾವ ಸ್ಮರಣ ಸಂಚಿಕೆಯೂ ಹೇಳುವುದಿಲ್ಲ. ಅದೇ ಕಾಯಿದೆಯ 4ನೆಯ ಕಲಮಿನಂತೆ ಸಂಘವು ಪ್ರತಿವರ್ಷ ಆಡಳಿತ ಮಂಡಳಿಯ ಪಟ್ಟಿಯನ್ನು ರಿಜಿಸ್ಟ್ರಾರರಿಗೆ ಸಲ್ಲಿಸಬೇಕು, ಮತ್ತು 19ನೆಯ ಕಲಮಿನಂತೆ ಯಾರು ಬೇಕಾದರೂ ಶುಲ್ಕ ಕಟ್ಟಿ ಆ ಕಾಗದಗಳನ್ನು ನೋಡಬಹುದು, ನಕಲು ಕೇಳಬಹುದು. ಮೂಲ ಕಾಯಿದೆಯಲ್ಲಿ ನೋಡುವುದಕ್ಕೆ ಒಂದು ರೂಪಾಯಿ, ನಕಲಿನ ನೂರು ಪದಗಳಿಗೆ ಎರಡು ಆಣೆ ಎಂದಿತ್ತು; ಈಗಿನ ದರವನ್ನು ಕಚೇರಿಯಲ್ಲಿ ಕೇಳಿ. ಪಟ್ಟಿ ಸಲ್ಲಿಸದೆ ಬಿಟ್ಟ ವರ್ಷಗಳನ್ನೂ ಬರೆದುಕೊಳ್ಳಿ, ಏಕೆಂದರೆ ಕ್ಲಬ್ಬು ಮಲಗಿದ್ದ ವರ್ಷಗಳು ಸಾಮಾನ್ಯವಾಗಿ ಅವೇ ಆಗಿರುತ್ತವೆ. ತಮಿಳುನಾಡಿನಲ್ಲಿ 1975ರ ಕಾಯಿದೆ, ಆಂಧ್ರದಲ್ಲಿ 2001ರ ಕಾಯಿದೆ ಬಂದಿವೆ. ಮಹಾರಾಷ್ಟ್ರದಲ್ಲಿ 1860ರ ಕಾಯಿದೆಯ ಜೊತೆಗೆ 1950ರ ಸಾರ್ವಜನಿಕ ನ್ಯಾಸಗಳ ಕಾಯಿದೆಯೂ ಇರುವುದರಿಂದ ಚ್ಯಾರಿಟಿ ಕಮಿಷನರರ ಕಚೇರಿಯಲ್ಲಿಯೂ ವಿಚಾರಿಸಬೇಕು.

ಲೀಗ್ ಪಟ್ಟಿಯನ್ನು ಮತ್ತೆ ಕಟ್ಟುವುದು

ಚರಿತ್ರೆಯ ಬೆನ್ನೆಲುಬು ಇದು. ಇದಕ್ಕೆ ಎಷ್ಟು ಸಮಯ ಕೊಟ್ಟರೂ ವ್ಯರ್ಥವಲ್ಲ. ಹಳೆಯ ಪತ್ರಿಕೆಗಳಲ್ಲಿ ತಾಲೂಕು ಮಟ್ಟದ ಲೀಗಿಗೆ ಸಿಗುತ್ತಿದ್ದ ಜಾಗ ಎರಡು ಸಾಲು: ತಂಡಗಳ ಹೆಸರು ಮತ್ತು ಗೋಲುಗಳ ಸಂಖ್ಯೆ. ಅಂಥ ಸಾಲುಗಳಿಗಾಗಿ ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳಿಗೆ ಮಂಗಳೂರಿನ ನವಭಾರತ, ರಾಷ್ಟ್ರಬಂಧುಗಳಂಥ ಕನ್ನಡ ಪತ್ರಿಕೆಗಳನ್ನೂ ಮದರಾಸಿನ ಇಂಗ್ಲಿಷ್ ಪತ್ರಿಕೆಗಳನ್ನೂ, 1956ರ ನಂತರಕ್ಕೆ ಮಾತೃಭೂಮಿ, ಚಂದ್ರಿಕಾದಂಥ ಮಲಯಾಳ ಪತ್ರಿಕೆಗಳನ್ನೂ, 1970ರ ನಂತರಕ್ಕೆ ಉದಯವಾಣಿಯನ್ನೂ ನೋಡಬೇಕು. ಕನ್ನಡ ಓದುವ ನಮ್ಮವರು ಮಲಯಾಳ ಪತ್ರಿಕೆಗಳನ್ನು ಬದಿಗಿಡುವುದು, ಮಲಯಾಳದಲ್ಲಿ ಬರೆಯುವವರು ಮಂಗಳೂರನ್ನು ಮರೆಯುವುದು ಎರಡೂ ನಡೆದೇ ಇದೆ. ಪರಿಣಾಮವಾಗಿ ಒಂದೇ ಕ್ಲಬ್ಬಿಗೆ 1956ರಲ್ಲಿ ಕೊನೆಗೊಳ್ಳುವ ಒಂದು ಚರಿತ್ರೆ, 1956ರಲ್ಲಿ ಶುರುವಾಗುವ ಇನ್ನೊಂದು ಚರಿತ್ರೆ ಹುಟ್ಟಿಕೊಳ್ಳುತ್ತದೆ. ಊರಿನ ಹೆಸರಿನ ಕಾಗುಣಿತಗಳನ್ನೂ ಮೊದಲೇ ಪಟ್ಟಿ ಮಾಡಿಕೊಳ್ಳಿ. ಕಾಞಂಗಾಡಿನ ಸುದ್ದಿ ಹೊಸದುರ್ಗದ ಹೆಸರಿನಲ್ಲಿಯೂ ಬಂದಿರಬಹುದು.

ಸಿಕ್ಕ ಫಲಿತಾಂಶಗಳನ್ನು ಒಂದೊಂದು ಋತುವಿಗೆ ಒಂದೊಂದು ಹಾಳೆಯಂತೆ ಚೌಕಗಳ ಕೋಷ್ಟಕದಲ್ಲಿ ತುಂಬಿ, ಅಡ್ಡಕ್ಕೂ ಉದ್ದಕ್ಕೂ ತಂಡಗಳ ಹೆಸರು ಬರೆಯಿರಿ. ಎಲ್ಲ ತಂಡಗಳೂ ಪರಸ್ಪರ ಒಮ್ಮೆ ಆಡುವ ಲೀಗಿನಲ್ಲಿ ಆರು ತಂಡಗಳಿದ್ದರೆ ಹದಿನೈದು ಪಂದ್ಯ, ಎಂಟಿದ್ದರೆ ಇಪ್ಪತ್ತೆಂಟು; ಎರಡು ಸುತ್ತಾದರೆ ಇಮ್ಮಡಿ. ಎಷ್ಟು ಪಂದ್ಯಗಳ ಸುದ್ದಿ ಸಿಕ್ಕಿಲ್ಲ ಎಂಬುದು ಕೂಡಲೇ ಕಾಣುತ್ತದೆ. ಹಳೆಯ ಲೀಗುಗಳಲ್ಲಿ ಗೆಲುವಿಗೆ ಎರಡು ಅಂಕ, ಸಮಕ್ಕೆ ಒಂದು ಅಂಕ ಇರುತ್ತಿದ್ದುದರಿಂದ ಪ್ರತಿ ಪಂದ್ಯವೂ ಒಟ್ಟು ಎರಡು ಅಂಕಗಳನ್ನೇ ಹಂಚುತ್ತದೆ. ಆದ್ದರಿಂದ ಹದಿನೈದು ಪಂದ್ಯಗಳ ಲೀಗಿನಲ್ಲಿ ಎಲ್ಲ ತಂಡಗಳ ಅಂಕಗಳ ಮೊತ್ತ ಮೂವತ್ತೇ ಆಗಬೇಕು. ಐದು ತಂಡಗಳಿಗೆ ಕ್ರಮವಾಗಿ 9, 7, 6, 4, 3 ಅಂಕ ಎಂದು ಪತ್ರಿಕೆ ಬರೆದು ಆರನೆಯದನ್ನು ಬಿಟ್ಟಿದ್ದರೆ, ಆ ಆರನೆಯ ತಂಡಕ್ಕೆ ಒಂದೇ ಅಂಕ; ಅಂದರೆ ಒಂದು ಪಂದ್ಯ ಸಮ, ನಾಲ್ಕು ಸೋಲು. ಒಂಬತ್ತು ಅಂಕದ ತಂಡವು ಐದು ಪಂದ್ಯಗಳಲ್ಲಿ ನಾಲ್ಕನ್ನು ಗೆದ್ದು ಒಂದನ್ನು ಸಮ ಮಾಡಿಕೊಳ್ಳದೆ ಬೇರೆ ದಾರಿಯೇ ಇಲ್ಲ. ಬೆಸ ಸಂಖ್ಯೆಯ ಅಂಕ ಪಡೆದ ಪ್ರತಿ ತಂಡವೂ ಕನಿಷ್ಠ ಒಂದು ಪಂದ್ಯವನ್ನಾದರೂ ಸಮ ಮಾಡಿಕೊಂಡಿರಲೇಬೇಕು. ಇಷ್ಟು ತರ್ಕದಿಂದಲೇ ಸುದ್ದಿಯಾಗದೆ ಹೋದ ಎರಡು ಮೂರು ಪಂದ್ಯಗಳ ಫಲಿತಾಂಶ ಹೊರಬರುವುದುಂಟು.

ಇನ್ನೂ ಮೂರು ಪರೀಕ್ಷೆಗಳಿವೆ. ಎಲ್ಲ ತಂಡಗಳ ಗೆಲುವುಗಳ ಮೊತ್ತವು ಸೋಲುಗಳ ಮೊತ್ತಕ್ಕೆ ಸಮನಾಗಿರಬೇಕು. ಸಮ ಪಂದ್ಯಗಳ ಅಂಕಣದ ಮೊತ್ತವು ಎರಡರಿಂದ ಭಾಗವಾಗಬೇಕು. ಹೊಡೆದ ಗೋಲುಗಳ ಮೊತ್ತವೂ ಬಿಟ್ಟುಕೊಟ್ಟ ಗೋಲುಗಳ ಮೊತ್ತವೂ ಒಂದೇ ಆಗಿರಬೇಕು. ಹೊಂದದಿದ್ದರೆ ಅಚ್ಚಿನ ತಪ್ಪೋ, ಎದುರಾಳಿ ಬಾರದೆ ಸಿಕ್ಕ ವಾಕ್‌ಓವರೋ, ಗಲಾಟೆಯಿಂದ ಅರ್ಧಕ್ಕೆ ನಿಂತು ಮತ್ತೆ ಆಡಿದ ಪಂದ್ಯವೋ ಅಲ್ಲಿ ಅಡಗಿದೆ ಎಂದು ತಿಳಿಯಬೇಕು. ಅಂಕಗಳು ಸಮವಾದಾಗ ಯಾರು ಮೇಲೆ ಎಂಬುದನ್ನು ಇಂದಿನ ಕಣ್ಣಿನಿಂದ ನೋಡಬೇಡಿ. ಹಿಂದೆ ಬಳಕೆಯಲ್ಲಿದ್ದುದು ಗೋಲುಗಳ ಸರಾಸರಿ, ಅಂದರೆ ಹೊಡೆದದ್ದನ್ನು ಬಿಟ್ಟುಕೊಟ್ಟದ್ದರಿಂದ ಭಾಗಿಸುವ ಕ್ರಮ. ಇಂಗ್ಲೆಂಡಿನ ಲೀಗ್ ಕೂಡ ಗೋಲುಗಳ ವ್ಯತ್ಯಾಸಕ್ಕೆ ಬದಲಾದದ್ದು 1976ರಲ್ಲಿ, ಗೆಲುವಿಗೆ ಮೂರು ಅಂಕ ಕೊಡತೊಡಗಿದ್ದು 1981ರಲ್ಲಿ. ಇಪ್ಪತ್ತು ಹೊಡೆದು ಹತ್ತು ಬಿಟ್ಟುಕೊಟ್ಟ ತಂಡಕ್ಕಿಂತ ಒಂಬತ್ತು ಹೊಡೆದು ನಾಲ್ಕು ಬಿಟ್ಟುಕೊಟ್ಟ ತಂಡ ಸರಾಸರಿಯ ಲೆಕ್ಕದಲ್ಲಿ ಮೇಲೆ ನಿಲ್ಲುತ್ತದೆ, ವ್ಯತ್ಯಾಸದ ಲೆಕ್ಕದಲ್ಲಿ ಕೆಳಗೆ. "ನಮಗೆ ಮೋಸವಾಯಿತು" ಎಂದು ಅಜ್ಜಂದಿರು ಹೇಳುವ ಕೆಲವು ಪ್ರಶಸ್ತಿಗಳ ಜಗಳ ಈ ಒಂದು ಭಾಗಾಕಾರದಲ್ಲಿ ತೀರ್ಮಾನವಾದೀತು.

ಲೀಗನ್ನೂ ಸೆವೆನ್ಸನ್ನೂ ಬೆರೆಸಬಾರದು. ಕೊಯ್ಲಾದ ಮೇಲೆ ಗದ್ದೆಗಳಲ್ಲಿ ನಡೆಯುವ ಏಳು ಮಂದಿಯ ಟೂರ್ನಮೆಂಟಿಗೆ ಮಲಬಾರಿನಲ್ಲಿ ತನ್ನದೇ ಆದ ವೈಭವವಿದೆ, ಜನವೂ ಅಲ್ಲಿಗೇ ಹೆಚ್ಚು. ಆದರೆ ಅಲ್ಲಿ ಕ್ಲಬ್ಬಿನ ಹೆಸರಿನಲ್ಲಿ ಹೊರ ಊರಿನ ಅತಿಥಿ ಆಟಗಾರರು ಇಳಿಯುತ್ತಾರೆ, ಮುಂದಿನ ವಾರ ಅವರೇ ಎದುರಾಳಿಯ ಪರವಾಗಿ ಆಡುತ್ತಾರೆ. ಸೆವೆನ್ಸ್‌ನ ಗೆಲುವುಗಳಿಗೆ ಪ್ರತ್ಯೇಕ ಅಧ್ಯಾಯವೊಂದನ್ನು ಕೊಡಿ. ಹನ್ನೊಂದು ಮಂದಿಯ ಲೀಗಿನ ದಾಖಲೆಯೊಳಗೆ ಅವನ್ನು ತುರುಕಬೇಡಿ.

ಬರಿಗಾಲಿನ ಕತೆ

1911ರ ಜುಲೈ 29ರಂದು ಕಲ್ಕತ್ತದಲ್ಲಿ ಮೋಹನ್ ಬಗಾನ್ ತಂಡವು ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದಿತು. ತಂಡದ ಹನ್ನೊಂದು ಮಂದಿಯಲ್ಲಿ ಸುಧೀರ್ ಚಟರ್ಜಿ ಒಬ್ಬರೇ ಬೂಟು ಹಾಕಿದ್ದರು. ಈ ಗೆಲುವು ಎಷ್ಟು ದೊಡ್ಡದಾಗಿತ್ತೆಂದರೆ ದೇಶದ ಪ್ರತಿಯೊಂದು ಹಳೆಯ ಕ್ಲಬ್ಬಿಗೂ ಅದರ ಮರಿಯೊಂದು ಹುಟ್ಟಿಕೊಂಡಿದೆ. ನಿಮ್ಮ ಕ್ಲಬ್ಬಿಗೂ ಅಂಥ ಕತೆ ಇದ್ದರೆ ಅದನ್ನು ಅಳಿಸಿಹಾಕಬೇಕಾಗಿಲ್ಲ, ಪರೀಕ್ಷಿಸಿದರೆ ಸಾಕು. ಎದುರಾಳಿ ರೆಜಿಮೆಂಟಿನ ಹೆಸರೇನು, ಯಾವ ವರ್ಷ, ಮಂಗಳೂರಿನಲ್ಲೋ ಕಂಟೋನ್ಮೆಂಟ್ ಇದ್ದ ಕಣ್ಣೂರಿನಲ್ಲೋ ಎಂದು ಕೇಳಿ. ಬ್ರಿಟಿಷ್ ರೆಜಿಮೆಂಟುಗಳು ಯಾವ ವರ್ಷ ಎಲ್ಲಿ ಬೀಡುಬಿಟ್ಟಿದ್ದವು ಎಂಬುದು ಅವುಗಳ ಪ್ರಕಟಿತ ಚರಿತ್ರೆಗಳಲ್ಲಿ ಇರುತ್ತದೆ. ಆ ವರ್ಷ ಆ ಪಡೆ ಭಾರತದಲ್ಲಿಯೇ ಇರಲಿಲ್ಲವಾದರೆ ಕತೆ ಅಲ್ಲಿಗೆ ನಿಂತಿತು. ಹತ್ತಿರದಲ್ಲಿತ್ತಾದರೆ ಹುಡುಕಾಟ ಮುಂದುವರಿಸಬಹುದು. ಎದುರಾಳಿಗಳು ನಿಜವಾಗಿ ಸೈನಿಕರಾಗಿರದೆ ಪೊಲೀಸ್ ಪಡೆಯವರೋ, ಹೆಂಚಿನ ಕಾರ್ಖಾನೆಯ ಅಥವಾ ಮಿಷನ್ ಶಾಲೆಯ ತಂಡದವರೋ ಆಗಿದ್ದ ಸಾಧ್ಯತೆಯನ್ನೂ ನೋಡಿ. ಪರೀಕ್ಷೆಯಲ್ಲಿ ಉತ್ತರ ಸಿಗದಿದ್ದರೆ, ಹಿರಿಯರು ಹೀಗೆ ಹೇಳುತ್ತಾರೆ ಎಂದು ಬರೆದು ಮುಂದೆ ಹೋಗಿ.

ನಮ್ಮ ಕಡೆಯ ಓದುಗರಿಗೆ ಹೋಲಿಕೆಗೆ ಬೇಕಾದರೆ 1937ರ ಬೆಂಗಳೂರು ಮುಸ್ಲಿಮ್ಸ್ ತಂಡ ಇನ್ನೂ ಹತ್ತಿರದ್ದು. ಸೈನ್ಯದ ತಂಡಗಳೇ ಮೆರೆಯುತ್ತಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು ಅದು ಆ ವರ್ಷವೂ ಮರುವರ್ಷವೂ ಗೆದ್ದಿತು. ನಗರ ಲೀಗಿನಲ್ಲಿ ಬೆಳೆದ ಹವ್ಯಾಸಿ ತಂಡವೊಂದು ಎಷ್ಟು ದೂರ ಹೋಗಬಲ್ಲುದಾಗಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಾಗಿಲ್ಲ.

ಚಿತ್ರಗಳು ಮತ್ತು ಹಿರಿಯರು

ಹಳೆಯ ತಂಡದ ಚಿತ್ರದಲ್ಲಿ ಮೊದಲು ಚೆಂಡನ್ನು ನೋಡಿ. ನಡುವೆ ಇಟ್ಟ ಚೆಂಡಿನ ಮೇಲೆ ಸುಣ್ಣದಲ್ಲೋ ಬಿಳಿ ಬಣ್ಣದಲ್ಲೋ ವರ್ಷವನ್ನೂ ಕ್ಲಬ್ಬಿನ ಮೊದಲಕ್ಷರಗಳನ್ನೂ ಬರೆಯುವ ರೂಢಿಯಿತ್ತು. ಬಳಿಕ ಚಿತ್ರ ಅಂಟಿಸಿದ ರಟ್ಟಿನ ಮೂಲೆಯಲ್ಲಿರುವ ಸ್ಟುಡಿಯೋ ಮುದ್ರೆ, ಹಿಂಬದಿಯ ಬರಹ, ಕೋಟು ತೊಟ್ಟು ನಡುವೆ ಕುಳಿತ ಅಧ್ಯಕ್ಷರು, ಕಾಲಲ್ಲಿ ಬೂಟು ಇದೆಯೋ ಬರೀ ಪಟ್ಟಿ ಸುತ್ತಿದೆಯೋ ಎಂಬುದು. ಬರಿಗಾಲು ಬಡತನದ ಗುರುತು ಮಾತ್ರವಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ಎದುರು 2-1ರಿಂದ ಸೋತ ಭಾರತ ತಂಡದಲ್ಲಿಯೂ ಹೆಚ್ಚಿನವರು ಬರಿಗಾಲಲ್ಲಿಯೇ ಆಡಿದ್ದರು, ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಬರಿಗಾಲಿನ ಚಿತ್ರ 1950ರ ದಶಕದ ನಡುವಿಗಿಂತ ಹಿಂದಿನದಿರಬಹುದು ಎಂಬ ಊಹೆಯನ್ನು ಅದರಿಂದ ಮಾಡಬಹುದು, ತೀರ್ಪು ಕೊಡಲಾಗದು. ಚಿತ್ರದಲ್ಲಿರುವವರ ಗುರುತನ್ನು ಇಬ್ಬರು ಹಿರಿಯರಿಂದ, ಒಬ್ಬರ ಉತ್ತರ ಇನ್ನೊಬ್ಬರಿಗೆ ತಿಳಿಯದಂತೆ, ಬೇರೆ ಬೇರೆಯಾಗಿ ಪಡೆಯಿರಿ. ಇಬ್ಬರೂ ಒಪ್ಪಿದ ಹೆಸರುಗಳನ್ನು ಮಾತ್ರ ಅಚ್ಚು ಹಾಕಿ.

ಹಿರಿಯರೊಂದಿಗೆ ಮಾತಿಗೆ ಕೂರುವಾಗ "ಕ್ಲಬ್ಬಿನ ಬಗ್ಗೆ ಹೇಳಿ" ಎಂದರೆ ಸಭೆಯ ಭಾಷಣ ಬರುತ್ತದೆ. ಅದರ ಬದಲು ಹಳೆಯ ಆಟದ ವಿನ್ಯಾಸದಂತೆ ಒಂದೊಂದೇ ಸ್ಥಾನವನ್ನು ಕೇಳಿ: ಗೋಲಿ ಯಾರು, ಇಬ್ಬರು ಬ್ಯಾಕುಗಳು ಯಾರು, ಸೆಂಟರ್ ಹಾಫ್ ಯಾರು, ಲೆಫ್ಟ್ ಔಟ್ ಯಾರು. ಆಗಿನವರು ಇಬ್ಬರು ಬ್ಯಾಕು, ಮೂವರು ಹಾಫ್, ಐವರು ಫಾರ್ವರ್ಡ್ ಎಂಬ ಎರಡು, ಮೂರು, ಐದರ ವಿನ್ಯಾಸದಲ್ಲಿ ಆಡಿದವರಾದ್ದರಿಂದ ಮೈದಾನ ಕಣ್ಮುಂದೆ ಬಂದ ಕೂಡಲೇ ಹೆಸರುಗಳೂ ಬರುತ್ತವೆ. ಎದುರಾಳಿ ತಂಡದ ಹನ್ನೊಂದು ಮಂದಿಯನ್ನೂ ಕೇಳಿ. ತಮ್ಮನ್ನು ಕಾಡಿದ ಎದುರಾಳಿಯನ್ನು ಯಾವ ಆಟಗಾರನೂ ಮರೆಯುವುದಿಲ್ಲ. ಜೆರ್ಸಿ ಒಗೆಯುತ್ತಿದ್ದವರು ಯಾರು, ಬ್ಲ್ಯಾಡರಿಗೆ ಗಾಳಿ ತುಂಬುತ್ತಿದ್ದವರು ಯಾರು, 1907ರಿಂದ ಮಂಗಳೂರಿಗೂ ಕಣ್ಣೂರಿಗೂ ಓಡುತ್ತಿದ್ದ ರೈಲಿನಲ್ಲಿ ಟಿಕೇಟಿನ ದುಡ್ಡು ಯಾರು ಕೊಡುತ್ತಿದ್ದರು ಎಂಬ ಪ್ರಶ್ನೆಗಳೂ ಬೇಕು. ಅವರು ತುಳು, ಮಲಯಾಳ, ಬ್ಯಾರಿ, ಕೊಂಕಣಿ ಯಾವುದರಲ್ಲಿ ಸಲೀಸಾಗಿ ಮಾತಾಡುತ್ತಾರೋ ಅದರಲ್ಲಿಯೇ ಮಾತಾಡಲಿ. ಧ್ವನಿಮುದ್ರಿಸಿಕೊಂಡು, ಮುಖ್ಯವಾದ ಮಾತುಗಳನ್ನು ಮೂಲ ಭಾಷೆಯಲ್ಲಿಯೇ ಕನ್ನಡ ಲಿಪಿಯಲ್ಲಿ ಬರೆದಿಟ್ಟು, ಆಮೇಲೆ ಕನ್ನಡಕ್ಕೆ ತನ್ನಿ.

ಇಸವಿಗಳ ವಿಷಯದಲ್ಲಿ ನೆನಪು ಹಾದಿ ತಪ್ಪಿಸುತ್ತದೆ. "1954ರಲ್ಲಿ ಕೇರಳಕ್ಕೆ ಸಂತೋಷ್ ಟ್ರೋಫಿ ಆಡಿದವರು" ಎಂಬ ಮಾತು ಬಂದರೆ ಪೆನ್ನು ನಿಲ್ಲಿಸಿ. ಸಂತೋಷ್ ಟ್ರೋಫಿ ರಾಜ್ಯ ತಂಡಗಳ ನಡುವಿನ ಪಂದ್ಯಾವಳಿ, ಆ ವರ್ಷ ಕೇರಳ ರಾಜ್ಯವೇ ಇರಲಿಲ್ಲ. ಕಾಸರಗೋಡಿನ ಆಟಗಾರ ಆಗ ತನ್ನ ಊರಿನ ಲೆಕ್ಕದಲ್ಲಿ ಮದರಾಸಿಗೆ ಸೇರಿದವನು, ಬೆಂಗಳೂರಿನಲ್ಲಿ ಕೆಲಸಕ್ಕಿದ್ದರೆ ಮೈಸೂರಿಗೆ ಆಡಿರಬಹುದು. ಮೈಸೂರು ತಂಡವು ಕರ್ನಾಟಕವಾದದ್ದು ರಾಜ್ಯದ ಹೆಸರು ಬದಲಾದ 1973ರ ನವೆಂಬರಿನ ಬಳಿಕ. ಅದೇ ವರ್ಷದ ಡಿಸೆಂಬರಿನಲ್ಲಿ ಕೊಚ್ಚಿಯಲ್ಲಿ ಕೇರಳ ಮೊದಲ ಬಾರಿಗೆ ಸಂತೋಷ್ ಟ್ರೋಫಿ ಗೆದ್ದಿತು. ಆ ಗೆಲುವಿಗೆ ಮೊದಲೋ ಆಮೇಲೋ ಎಂದು ಕೇಳಿದರೆ ಹಿರಿಯರಿಗೆ ತಮ್ಮ ಘಟನೆಯ ಕಾಲ ಸರಿಯಾಗಿ ಹೊಳೆಯುತ್ತದೆ.

ಹವ್ಯಾಸಿ ಎಂದರೆ ದುಡ್ಡೇ ಇಲ್ಲವೆಂದಲ್ಲ

ಹವ್ಯಾಸಿ ಕ್ಲಬ್ಬು ಆಟಗಾರನಿಗೆ ಸಂಬಳ ಕೊಡುತ್ತಿರಲಿಲ್ಲ, ಆದರೆ ಆಟಕ್ಕೆ ಬೆಲೆ ಬೇರೆ ದಾರಿಯಿಂದ ಬರುತ್ತಿತ್ತು. ಒಳ್ಳೆಯ ಆಟಗಾರನನ್ನು ಮಲಬಾರ್ ಸ್ಪೆಷಲ್ ಪೊಲೀಸ್, ರೈಲ್ವೆ, ಬೆಂಗಳೂರಿನ ಎಚ್‌ಎಎಲ್ ಮತ್ತು ಐಟಿಐ, ದಕ್ಷಿಣದ ಟೈಟಾನಿಯಂ ಮತ್ತು ಪ್ರೀಮಿಯರ್ ಟಯರ್ಸ್‌ಗಳಂಥ ಸಂಸ್ಥೆಗಳು ಕೆಲಸ ಕೊಟ್ಟು ಕರೆದುಕೊಳ್ಳುತ್ತಿದ್ದವು. ಹೀಗಾಗಿ ತಂಡದ ಪಟ್ಟಿಯಿಂದ ಒಂದು ಹೆಸರು ಇದ್ದಕ್ಕಿದ್ದಂತೆ ಕಾಣೆಯಾದರೆ ಗಾಯವೋ ಜಗಳವೋ ಎಂದು ಊಹಿಸುವ ಮೊದಲು ಅವನಿಗೆ ಕೆಲಸ ಸಿಕ್ಕಿತೇ ಎಂದು ವಿಚಾರಿಸಿ. ಲೆಕ್ಕದ ಪುಸ್ತಕ ಉಳಿದಿದ್ದರೆ ಚೆಂಡು, ಬ್ಲ್ಯಾಡರು, ನಿಂಬೆ ಶರಬತ್ತು, ರೈಲು ಟಿಕೇಟು, ಮೈದಾನದ ಬಾಡಿಗೆ ಇವುಗಳ ಖರ್ಚನ್ನು ವರ್ಷವಾರು ಬರೆಯಿರಿ, ದೇಣಿಗೆ ಕೊಟ್ಟವರ ವ್ಯಾಪಾರವನ್ನೂ ನಮೂದಿಸಿ. ಒಂದು ಪುಟದ ಲೆಕ್ಕವು ಹತ್ತು ಪುಟದ ಹೊಗಳಿಕೆಗಿಂತ ಹೆಚ್ಚು ಹೇಳುತ್ತದೆ. ಅದರೊಡನೆ ಯಾವ ಸಮುದಾಯದವರು, ಯಾವ ಕೇರಿಯವರು ತಂಡದಲ್ಲಿದ್ದರು, ಯಾರು ಇರಲಿಲ್ಲ ಎಂಬುದನ್ನೂ ಮುಚ್ಚುಮರೆಯಿಲ್ಲದೆ ಬರೆಯುವ ಧೈರ್ಯ ಬೇಕು.

ಬರೆಯುವಾಗ

ಅಧ್ಯಾಯಗಳನ್ನು ಅಧ್ಯಕ್ಷರ ಅವಧಿಯಂತೆ ವಿಂಗಡಿಸುವ ಅಭ್ಯಾಸವನ್ನು ಬಿಟ್ಟು ಕ್ಲಬ್ಬು ಆಡಿದ ಲೀಗುಗಳಂತೆ ವಿಂಗಡಿಸಿ: ಮಂಗಳೂರಿನತ್ತ ಮುಖ ಮಾಡಿದ್ದ ಕಾಲ, ಕಣ್ಣೂರಿನ ಕಾಲ, ಸ್ವಂತ ಜಿಲ್ಲೆಯ ಕಾಲ. ಋತುವು ಎರಡು ವರ್ಷಗಳಿಗೆ ಚಾಚಿಕೊಂಡಿದ್ದರೆ 1952-53 ಎಂದು ಪೂರ್ತಿಯಾಗಿ ಬರೆಯಿರಿ. ಒಂದೇ ಇಸವಿ ಬರೆದರೆ ಒಂದು ಪ್ರಶಸ್ತಿ ಎರಡು ಬಾರಿ ಎಣಿಕೆಯಾಗುವ ಅಪಾಯವಿದೆ. ಬದುಕಿರುವ ಆಟಗಾರರ ಜಗಳ, ಅಮಾನತು, ಹಣದ ದೂರುಗಳನ್ನು ಅವರ ಒಪ್ಪಿಗೆಯಿಲ್ಲದೆ ಹೆಸರಿಟ್ಟು ಬರೆಯಬೇಡಿ. ಸೋತ ಋತುಗಳನ್ನು, ಕೆಳಗಿನ ವಿಭಾಗಕ್ಕೆ ಇಳಿದ ವರ್ಷವನ್ನು ಬಿಡಬೇಡಿ. ಮೊದಲ ಕರಡನ್ನು ಹಳೆಯ ಎದುರಾಳಿ ಕ್ಲಬ್ಬಿನ ಒಬ್ಬರಿಗೆ ಓದಲು ಕೊಡಿ, ನಮ್ಮವರೇ ಓದಿದರೆ ಯಾರೂ ತಕರಾರು ಎತ್ತುವುದಿಲ್ಲ.

ಚಿತ್ರಗಳನ್ನೂ ನಡವಳಿ ಪುಸ್ತಕಗಳನ್ನೂ ಆರುನೂರು ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ, ಮೂಲವನ್ನು ಕೊಟ್ಟ ಮನೆಯವರಿಗೆ ರಸೀದಿ ಕೊಟ್ಟು ಅದೇ ವಾರ ಹಿಂದಿರುಗಿಸಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಕ್ಲಬ್ಬಿನ ಕಬ್ಬಿಣದ ಕಪಾಟು ಕಾಗದಕ್ಕೆ ಒಳ್ಳೆಯ ಜಾಗವಲ್ಲ. ಸ್ಕ್ಯಾನ್ ಪ್ರತಿಗಳ ಒಂದು ಕಂತೆ ಊರಿನ ಗ್ರಂಥಾಲಯಕ್ಕೆ, ಒಂದು ಕಾಲೇಜಿಗೆ, ಒಂದು ಮಂಗಳೂರಿಗೆ, ಒಂದು ಕಣ್ಣೂರಿಗೆ ಹೋಗಲಿ. ಋತುವಾರು ಲೀಗ್ ಕೋಷ್ಟಕಗಳನ್ನು ಪುಸ್ತಕದ ಕೊನೆಯಲ್ಲಿ ಖಾಲಿ ಚೌಕಗಳ ಸಮೇತ ಹಾಗೆಯೇ ಅಚ್ಚು ಹಾಕಿ, ಕಾರ್ಯದರ್ಶಿಯ ವಿಳಾಸವನ್ನು ಕೆಳಗೆ ಕೊಡಿ. ಯಾರದೋ ಮನೆಯ ಹಳೆಯ ಡೈರಿಯಲ್ಲಿ ಆ ಪಂದ್ಯದ ಫಲಿತಾಂಶ ಬರೆದಿದ್ದರೆ ಅವರು ತಿಳಿಸಲು ಅದೊಂದು ದಾರಿ.